ದುಡ್ಡು ಕೊಟ್ಟು ದುರ್ಯೋಧನರಾದವರು

ಕರಪತ್ರದಲ್ಲಿ 'ರಾತ್ರಿ 8 ಗಂಟೆಗೆ ಸರಿಯಾಗಿ' ಎಂದು ಅಚ್ಚಾಗಿತ್ತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬಸ್ಸಿನಲ್ಲಿ ಸೀಟಿ ಊದಿದವನು ನಾನು; 'ಸರಿಯಾಗಿ' ಎಂಬ ಮಾತಿನ ಬೆಲೆ ನನಗೆ ಗೊತ್ತು. ಒಂಬತ್ತೂವರೆಗೆ ಹೋದೆ. ಅದೂ ಬೇಗವೇ ಆಯಿತು. ವೇದಿಕೆಯ ಮೇಲೆ ಇನ್ನೂ ಅತಿಥಿಗಳಿಗೆ ಶಾಲು ಹೊದಿಸುತ್ತಿದ್ದರು. ಪರದೆಯ ಸಂದಿಯಿಂದ ಅರ್ಧ ಮೀಸೆ ಅಂಟಿಸಿಕೊಂಡ ಭೀಮನೊಬ್ಬ ಇಣುಕಿ, ಭಾಷಣ ಮುಗಿಯುವ ಲಕ್ಷಣ ಕಾಣದೆ ತಲೆ ಒಳಗೆಳೆದುಕೊಂಡ.

ನಾಗಮಂಗಲ ಸೀಮೆಯ ಒಂದು ಊರು. ಬೆಳ್ಳೂರಿನಿಂದ ಒಳಗೆ ಹೋಗಬೇಕು. ಸುಗ್ಗಿ ಮುಗಿದು ಹುಲ್ಲು ಮೆದೆಗೆ ಬಿದ್ದಿದೆ, ಮಳೆಗೆ ಇನ್ನೂ ಸಮಯವಿದೆ. ನಮ್ಮ ಕಡೆ ನಾಟಕದ ಕಾಲವೆಂದರೆ ಇದೇ. ಮಂಡ್ಯ, ತುಮಕೂರು, ಮೈಸೂರು, ಹಾಸನ, ರಾಮನಗರ, ಈ ಸುತ್ತಿನಲ್ಲಿ ಶಿವರಾತ್ರಿಯಿಂದ ಆಚೆಗೆ ಯಾವ ರಾತ್ರಿ ಎಲ್ಲಿ ನಿಂತು ಕಿವಿಗೊಟ್ಟರೂ ಗಾಳಿಯಲ್ಲಿ ಎಲ್ಲಿಂದಲೋ ಒಂದು ಹಾರ್ಮೋನಿಯಂ ಕೇಳುತ್ತದೆ. 'ದಕ್ಷಯಜ್ಞ' ಇರಬಹುದು, 'ಶನಿಪ್ರಭಾವ' ಇರಬಹುದು, 'ಸಂಪೂರ್ಣ ರಾಮಾಯಣ' ಇರಬಹುದು. ನನಗೆ ಬೇಕಾದ್ದು ಒಂದೇ, 'ಕುರುಕ್ಷೇತ್ರ'. ಎಷ್ಟು ಸಲ ನೋಡಿದ್ದೀರಿ ಎಂದು ಕೇಳುವವರಿಗೆ ತೋರಿಸಲು ಒಂದು ಕಬ್ಬಿಣದ ಪೆಟ್ಟಿಗೆ ಇಟ್ಟಿದ್ದೇನೆ. ಅದರಲ್ಲಿ ಇರುವುದು ಬರೀ ಕರಪತ್ರ. ಗುಲಾಬಿ, ಹಳದಿ, ತಿಳಿಹಸಿರು. ಎಲ್ಲದಕ್ಕಿಂತ ಹಳೆಯದು ಅಪ್ಪ ಮಡಿಸಿಟ್ಟದ್ದು. ಮಡಿಕೆಯ ಗೆರೆಯಲ್ಲೇ ಹರಿದು ನಾಲ್ಕು ಚೂರಾಗಿದೆ. ಇತಿಹಾಸ ಬರೆಯುವವರು ಶಾಸನ ಓದುತ್ತಾರೆ. ನಾನು ಈ ಬಣ್ಣದ ಕಾಗದಗಳನ್ನು ಓದಿದವನು.

ಕರಪತ್ರದ ಮೇಲ್ಭಾಗ ಯಾರಿಗೂ ಬೇಡ. ದೇವರ ಹೆಸರು, ಅತಿಥಿಗಳ ಸಾಲು, ಎಲ್ಲ ಪಕ್ಷದವರೂ ಸಿಟ್ಟಾಗದಂತೆ ಜೋಡಿಸಿದ ಪಟ್ಟಿ. ಕಣ್ಣು ನೇರವಾಗಿ ಇಳಿಯುವುದು 'ಪಾತ್ರವರ್ಗ'ಕ್ಕೆ. ಅಲ್ಲಿ 1ನೇ ಕೃಷ್ಣ, 2ನೇ ಕೃಷ್ಣ ಎಂದಿರುತ್ತದೆ. ಪೇಟೆಯಿಂದ ಬಂದ ನನ್ನ ಅಳಿಯ ಇದನ್ನು ನೋಡಿ ನಕ್ಕಿದ್ದ, ಮಹಾಭಾರತದಲ್ಲಿ ಎಷ್ಟು ಜನ ಕೃಷ್ಣರು ಮಾವ ಎಂದು. ಕೃಷ್ಣ ಒಬ್ಬನೇ, ಆಗಬೇಕೆಂದು ಆಸೆಪಟ್ಟವರು ಇಬ್ಬರು. ಇಬ್ಬರೂ ದುಡ್ಡು ಕೊಟ್ಟಿದ್ದಾರೆ. ಶಯನಗೃಹದಲ್ಲಿ ಮಲಗಿ ಏಳುವವನು ಒಬ್ಬ, ಸಂಧಾನಕ್ಕೆ ಹೋಗುವವನು ಇನ್ನೊಬ್ಬ. ನಡುವೆ ಕೃಷ್ಣ ನಾಲ್ಕು ಅಂಗುಲ ಕುಳ್ಳಾಗಿ, ಹೊಟ್ಟೆ ಬೆಳೆಸಿಕೊಂಡು ಬಂದರೂ ಜನ ಗದ್ದಲ ಮಾಡುವುದಿಲ್ಲ.

ದುಡ್ಡು ಕೊಟ್ಟು ಪಾತ್ರ ಮಾಡುವ ಈ ಪದ್ಧತಿಯ ಬಗ್ಗೆ ಓದಿದವರಿಗೆ ತಾತ್ಸಾರವಿದೆ. 'ಹರಾಜಿನ ನಾಟಕ' ಎಂದು ಒಬ್ಬರು ನನ್ನೆದುರೇ ಅಂದರು. ಆದರೆ ಈ ನಾಟಕದ ಚರಿತ್ರೆಯ ಬೀಗದಕೈ ಇರುವುದೇ ಅಲ್ಲಿ.

ನಡೆಯುವುದು ಹೀಗೆ. ಊರಿನ ರಾಮಮಂದಿರದಲ್ಲಿ ಒಂದು ರಾತ್ರಿ ಸೇರುತ್ತಾರೆ. ನಾಟಕ ಯಾವುದು, ಮೇಷ್ಟ್ರು ಯಾರು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಖರ್ಚಿನ ಅಂದಾಜು ಮುಂದಿಡುತ್ತಾರೆ: ಮೇಷ್ಟ್ರ ಸಂಭಾವನೆ, ಡ್ರಾಮಾ ಸೀನರಿಯ ಬಾಡಿಗೆ, ಹೆಣ್ಣು ಪಾತ್ರದವರ ಗೌರವಧನ, ತಬಲಾ, ಮೈಕು, ದೀಪ, ಚಪ್ಪರ, ಊಟ. ಆ ಮೊತ್ತವನ್ನು ಪಾತ್ರಗಳ ಮೇಲೆ ಹಂಚುತ್ತಾರೆ. ದುರ್ಯೋಧನನದು ಎಲ್ಲಕ್ಕಿಂತ ಭಾರ. ಅವನ ಹಿಂದೆ ಕೃಷ್ಣ, ಕರ್ಣ, ಭೀಮ, ಅರ್ಜುನ. ನಕುಲ ಸಹದೇವರು ಅಗ್ಗ. ವಿದುರ ಕೆಲವೊಮ್ಮೆ ಪುಕ್ಕಟೆ ಸಿಗುತ್ತಾನೆ, ಯಾಕೆಂದರೆ ಒಳ್ಳೆಯ ಮಾತಾಡಿ ಸುಮ್ಮನೆ ಕೂತುಕೊಳ್ಳುವ ಪಾತ್ರಕ್ಕೆ ನಮ್ಮಲ್ಲಿ ಗಿರಾಕಿಯಿಲ್ಲ. ಧರ್ಮರಾಯನಿಗಿಂತ ದುರ್ಯೋಧನ ಯಾಕೆ ತುಟ್ಟಿ ಎಂದು ಕೇಳಿದರೆ ಯಾರೂ ಉತ್ತರ ಹೇಳುವುದಿಲ್ಲ, ಪ್ರಶ್ನೆಯೇ ಅವರಿಗೆ ಅರ್ಥವಾಗುವುದಿಲ್ಲ. ಹತ್ತನೇ ಶತಮಾನದ ರನ್ನ ಭೀಮನನ್ನು ನಾಯಕನಾಗಿಟ್ಟು 'ಗದಾಯುದ್ಧ' ಬರೆದ; ಕನ್ನಡಿಗರು ಓದಿ ಕಣ್ಣೀರಿಟ್ಟದ್ದು ದುರ್ಯೋಧನನಿಗೆ. ಆ ಹಳೆಯ ಬಾಕಿಯನ್ನೇ ನಮ್ಮ ರೈತರು ಈಗಲೂ ತೀರಿಸುತ್ತಿರಬೇಕು.

ನಾನೂ ಒಮ್ಮೆ ಆ ಸಭೆಯಲ್ಲಿ ಕೂತಿದ್ದೆ. ಮದುವೆಗೆ ಮುಂಚೆ. ಕರ್ಣ ಆಗಬೇಕೆಂದು ಸಂಬಳದ ದುಡ್ಡು ಗಂಟು ಕಟ್ಟಿಕೊಂಡು ಹೋಗಿದ್ದೆ. ಮೇಷ್ಟ್ರು ಕಾಲಲ್ಲಿ ತಿದಿ ಒತ್ತುತ್ತ ಒಂದು ಮನೆ ಹಿಡಿದು 'ಸ' ಅನ್ನಿ ಎಂದರು. ಅಂದೆ. ಇನ್ನೊಂದು ಮನೆ ಮೇಲೆ ಹಿಡಿದರು. ಅಂದೆ. ಮೂರನೆಯದಕ್ಕೆ ಹಾರ್ಮೋನಿಯಂ ನಿಲ್ಲಿಸಿ, ನನ್ನ ಮುಖ ನೋಡದೆ, 'ನಿಮಗೆ ನೋಡೋ ಯೋಗ ಚೆನ್ನಾಗದೆ' ಎಂದರು. ಅವರ ಬಾಯಿಗೆ ಸಕ್ಕರೆ ಹಾಕಬೇಕು. ಅವತ್ತಿನಿಂದ ನೋಡುತ್ತಲೇ ಇದ್ದೇನೆ.

ಈ ನಾಟಕ ನಮ್ಮೂರಿಗೆ ಬಂದದ್ದು ಸುತ್ತುಬಳಸಿನ ದಾರಿಯಲ್ಲಿ. ಇದಕ್ಕೆ ಮುಂಚೆ ಈ ಸೀಮೆಯಲ್ಲಿದ್ದದ್ದು ಮೂಡಲಪಾಯ. ಭಾಗವತ ಹಿಂದೆ ನಿಂತು ಹಾಡುತ್ತಿದ್ದ, ಮುಖವೀಣೆ ಜೊತೆ ಕೊಡುತ್ತಿತ್ತು, ವೇಷಗಳು ಕುಣಿಯುತ್ತಿದ್ದವು. ಖರ್ಚಿಗೆ ಊರೊಟ್ಟಿನ ವಂತಿಗೆ. ಟಿಕೆಟ್ಟು ಎಂಬ ಮಾತೇ ಇಲ್ಲ. ಅತ್ತ ಪಡುವಣದಲ್ಲಿ, ಹೊನ್ನಾವರದ ಬಳಿಯ ಕರ್ಕಿಯಿಂದ ಒಂದು ಭಾಗವತ ಮೇಳ 1842ರಲ್ಲಿ ಸಾಂಗ್ಲಿಗೆ ಹೋಗಿ ಅಲ್ಲಿನ ಪಟವರ್ಧನ ದೊರೆಯೆದುರು ಆಡಿತು. ಅದನ್ನು ನೋಡಿದ ದೊರೆ, ನಮ್ಮ ಮರಾಠಿಯಲ್ಲೂ ಇಂಥದ್ದು ಬೇಕು ಎಂದ. ಮರುವರ್ಷವೇ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಲೆಕ್ಕ ಹಾಕುವುದು ಅಲ್ಲಿಂದ. ಮುಂದೆ ಸಾಂಗ್ಲಿಯ ಕಡೆಯ ಮಂಡಳಿಗಳೂ ಪಾರ್ಸಿ ಕಂಪನಿಗಳೂ ಪರದೆ, ಪೆಟ್ಟಿಗೆ ಹೊತ್ತು ನಮ್ಮ ನಾಡಿಗೆ ಬಂದಾಗ ನಮ್ಮವರು ಬಾಯಿ ಬಿಟ್ಟುಕೊಂಡು ನೋಡಿದರು. ನಮ್ಮ ಮನೆಯ ಹಾಲು ಸಾಂಗ್ಲಿಯಲ್ಲಿ ಹೆಪ್ಪಾಗಿ, ಬೆಣ್ಣೆಯಾಗಿ, ನಮಗೇ ಮಾರಾಟಕ್ಕೆ ಬಂತು.

ಮೈಸೂರಿನಲ್ಲಿ ಹತ್ತನೇ ಚಾಮರಾಜ ಒಡೆಯರು 1880ರ ದಶಕದ ಆರಂಭದಲ್ಲಿ ಅರಮನೆಯ ನಾಟಕ ಸಭೆ ಕಟ್ಟಿಸಿದರು. ಬಸವಪ್ಪ ಶಾಸ್ತ್ರಿಗಳು 'ಶಾಕುಂತಲ'ವನ್ನು ಕನ್ನಡಕ್ಕೆ ತಂದರು. ಆ ನಾಟಕಗಳ ಕಂದ ವೃತ್ತಗಳನ್ನು ಹಾಡಿ ಆಡುವ ರೂಢಿ ಬಿದ್ದದ್ದೂ ಆ ಸುಮಾರಿಗೇ. ಆದರೆ ಅರಮನೆಯ ನಾಟಕ ಅರಮನೆಯದೇ. ನಮಗೆ ಮುಖ್ಯವಾದ್ದು 1884. ತುಮಕೂರಿನ ಹತ್ತಿರದ ಗುಬ್ಬಿಯಲ್ಲಿ, ಊರಿನವರೇ ಸೇರಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟುಹಾಕಿದರು. ಚಿಕ್ಕ ಹುಡುಗನಾಗಿ ಅದಕ್ಕೆ ಸೇರಿದ ವೀರಣ್ಣನವರು ಮುಂದೆ ಅದರ ಮಾಲೀಕರಾದರು. 'ಸದಾರಮೆ'ಯ ಕಳ್ಳನಾಗಿ ನಾಡನ್ನೇ ನಗಿಸಿದರು. 1930ರ ದಶಕದಲ್ಲಿ ಆ ಕಂಪನಿ 'ಕುರುಕ್ಷೇತ್ರ' ಆಡಿದಾಗ ಯುದ್ಧದ ಅಂಕಕ್ಕೆ ನಿಜವಾದ ಆನೆ, ನಿಜವಾದ ಕುದುರೆ ಬಂದವು. ನಾಟಕ ಬರೆದವರು ಬಿ. ಪುಟ್ಟಸ್ವಾಮಯ್ಯ, ಮುಂದೆ 'ಕ್ರಾಂತಿ ಕಲ್ಯಾಣ' ಕಾದಂಬರಿಗೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು.

ಆನೆಯನ್ನು ನೋಡಿದ್ದೆ ಎಂದು ನಮ್ಮ ತಾತ ಸಾಯುವವರೆಗೂ ಹೇಳುತ್ತಿದ್ದರು. ಯಾರು ಯಾವ ಪಾತ್ರ ಮಾಡಿದ್ದರು ಎಂದು ಕೇಳಿದರೆ ತಡವರಿಸುತ್ತಿದ್ದರು. ಹಾಡನ್ನು ಮಾತ್ರ ಗುನುಗುತ್ತಿದ್ದರು. ಆನೆ ಹಳ್ಳಿಗೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಹಾಡು ಬಂತು.

ಕಂಪನಿಯಲ್ಲಿ ನಟನಿಗೆ ಸಂಬಳ, ನೋಡುವವನಿಗೆ ಟಿಕೆಟ್ಟು. ಹಳ್ಳಿಗೆ ಬಂದ ಮೇಲೆ ಅದು ತಲೆಕೆಳಗಾಯಿತು: ಆಡುವವನು ದುಡ್ಡು ಕೊಡುತ್ತಾನೆ, ನೋಡುವವನಿಗೆ ಪುಕ್ಕಟೆ. ಯಾಕೆ? ನನ್ನ ಲೆಕ್ಕ ಇದು, ತಪ್ಪಿದ್ದರೆ ತಿದ್ದಿ. ಹಳ್ಳಿಯವರು ಕಂಪನಿಯಿಂದ ಪರದೆ ತೆಗೆದುಕೊಂಡರು, ಕಿರೀಟ ತೆಗೆದುಕೊಂಡರು, ಹಾರ್ಮೋನಿಯಂ ತೆಗೆದುಕೊಂಡರು, ಗಲ್ಲಾಪೆಟ್ಟಿಗೆ ತೆಗೆದುಕೊಳ್ಳಲಿಲ್ಲ. ಮೂಡಲಪಾಯದ ವಂತಿಗೆ ಹಾಗೇ ಉಳಿಯಿತು, ಪಾತ್ರದ ಲೆಕ್ಕಕ್ಕೆ ತಿರುಗಿತು. ಹೊಸ ಅಂಗಿ, ಹಳೇ ಮೈ. ಇದನ್ನು 'ಹರಾಜು' ಅನ್ನುವವರು ಕಂಪನಿ ನಾಟಕದ ಕೊನೆಯ ಬಾಲವೆಂದು ಇದನ್ನು ಹಿಡಿಯುತ್ತಾರೆ. ನನಗೆ ಕಾಣುವುದು ಕಂಪನಿಯ ಬಟ್ಟೆ ತೊಟ್ಟ ಬಯಲಾಟ.

ಆಮೇಲೆ ಸಿನಿಮಾ ಬಂತು. 1934ರ 'ಸತಿ ಸುಲೋಚನ', ಕನ್ನಡದ ಮೊದಲ ಟಾಕಿ. ಅದಕ್ಕೆ ಬರೆದವರು ನಾಟಕಕಾರ ಬೆಳ್ಳಾವೆ ನರಹರಿ ಶಾಸ್ತ್ರಿಗಳು, ನಟಿಸಿದವರು ಕಂಪನಿಯ ಎಂ.ವಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು. 1954ರ 'ಬೇಡರ ಕಣ್ಣಪ್ಪ'ನ ಹೊತ್ತಿಗೆ ಗುಬ್ಬಿಯ ಮುತ್ತುರಾಜ ರಾಜ್‌ಕುಮಾರ್ ಆಗಿದ್ದರು. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಎಲ್ಲರೂ ಆ ಕಡೆ ನಡೆದರು. ಮನೆ ಬಿಟ್ಟು ಓಡಿ ಬಂದು ಗುಬ್ಬಿ ಕಂಪನಿ ಸೇರಿದ್ದ ಹುಡುಗ ಬಿ.ವಿ. ಕಾರಂತರು ಇನ್ನೊಂದು ದಿಕ್ಕಿಗೆ ಹೋಗಿ ದೊಡ್ಡವರಾದರು. ಇದೆಲ್ಲ ಪುಸ್ತಕಗಳಲ್ಲಿ ಇದೆ. ಸಿನಿಮಾದವರು ಕರೆಯದಿದ್ದವರು ಎಲ್ಲಿಗೆ ಹೋದರು ಎಂಬುದನ್ನು ಮಾತ್ರ ಯಾರೂ ವಿವರವಾಗಿ ಬರೆದಂತಿಲ್ಲ. ನಾನು ಹೇಳುತ್ತೇನೆ: ನಮ್ಮ ಬಸ್ಸಿಗೆ ಬಂದರು.

ಹಳೇ ಕಂಪನಿ ಮುಳುಗಿದ ಮೇಲೆ ಅದರ ಪಾರ್ಟುದಾರರು, ವಾದ್ಯದವರು ಒಂದೊಂದು ಹೋಬಳಿ ಹಿಡಿದು 'ಡ್ರಾಮಾ ಮೇಷ್ಟ್ರು' ಆದರು. ಅವರ ಕೈಕೆಳಗೆ ಕಲಿತವರು ಎರಡನೇ ತಲೆಮಾರು. ನನ್ನ ಬಸ್ಸಿನ ಮೇಲೆ ಎಷ್ಟು ಕಾಲು ಹಾರ್ಮೋನಿಯಂ ಏರಿವೆ, ಇಳಿದಿವೆ. ಗೋಣಿತಾಟು ಸುತ್ತಿ, ಹಗ್ಗ ಬಿಗಿದು, ಮಗುವನ್ನು ಹತ್ತಿಸಿದಂತೆ ಹತ್ತಿಸುತ್ತಿದ್ದರು. ಲಗೇಜು ಟಿಕೆಟ್ಟು ಹರಿಯಬೇಕಾದ್ದು ನನ್ನ ಕೆಲಸ. ಹರಿದೂ ಇದ್ದೇನೆ, ಹರಿಯದೆಯೂ ಇದ್ದೇನೆ. ನಿವೃತ್ತನಾಗಿದ್ದೇನಲ್ಲ, ಈಗ ಒಪ್ಪಿಕೊಳ್ಳಬಹುದು.

ಹಾರ್ಮೋನಿಯಂ ನಮ್ಮದಲ್ಲ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಂ ಅದಕ್ಕೆ ಹಕ್ಕುಪತ್ರ ಪಡೆದರು. ಕರ್ಕಿಯ ಮೇಳ ಸಾಂಗ್ಲಿಗೆ ಹೋದದ್ದೂ ಅದೇ ವರ್ಷ, ಕಾಕತಾಳೀಯ. ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತಿ ನುಡಿಸುವಂತೆ ಮಾರ್ಪಡಿಸಿದರು. ನಮ್ಮ ನಾಟಕಕ್ಕೆ ಒಗ್ಗಿದ್ದು ಮಾತ್ರ ಕಾಲಲ್ಲಿ ತುಳಿಯುವ ಹಳೆಯ ಮಾದರಿ. ಎರಡೂ ಕೈ ಬಿಡುವಾಗಿರುತ್ತದೆ, ಮೈಕಿಲ್ಲದ ಕಾಲದಲ್ಲೂ ಸ್ವರ ಕೊನೆಯ ಸಾಲಿಗೆ ಮುಟ್ಟುತ್ತಿತ್ತು. ಗಮಕ ಬಾರದ ವಿದೇಶಿ ಪೆಟ್ಟಿಗೆಯೆಂದು ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟಿತ್ತು. ಆ ಮೂರು ದಶಕವೂ ನಮ್ಮ ಹಳ್ಳಿಗಳಲ್ಲಿ ಮೊದಲ ಟ್ರಯಲ್ಲಿನ ದಿನ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಕೈ ಮುಗಿದರು. ಶಾಸ್ತ್ರ ದೆಹಲಿಯದು, ನಾಟಕ ನಮ್ಮದು.

ಟ್ರಯಲ್ಲು ಮೂರು ತಿಂಗಳು. ಸಂಜೆ ಹಾಲು ಡೈರಿಗೆ ಹಾಕಿ, ಊಟ ಮಾಡಿ, ಒಂಬತ್ತಕ್ಕೆ ಬಂದು ಕೂರುತ್ತಾರೆ. ಕಂದಪದ್ಯವೆಂದರೆ ನಾಲ್ಕು ಸಾಲು. 12, 20, 12, 20 ಮಾತ್ರೆ. ಈ ಲೆಕ್ಕ ಪಾರ್ಟುದಾರನಿಗೆ ಬೇಕಿಲ್ಲ. ಅವನಿಗೆ ಗೊತ್ತಿರುವುದು ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು. ಅಕ್ಷರ ಬಾರದ ಒಬ್ಬ ಭೀಮನನ್ನು ನಾನು ಬಲ್ಲೆ. ಕುಂಟೆ ಹೊಡೆಯುತ್ತ ಕಂದ ಹೇಳಿಕೊಳ್ಳುತ್ತಿದ್ದ, ಎತ್ತು ತಿರುಗುವ ಕಡೆ ಸಾಲು ಮುಗಿಯುವಂತೆ. ಮೇಷ್ಟ್ರ ಹತ್ತಿರ ಅಚ್ಚಾದ ಪುಸ್ತಕವೂ ಇರುತ್ತದೆ, ಆದರೆ ನಾಟಕ ನಡೆಯುವುದು ಅವರ ನೋಟುಪುಸ್ತಕದ ಮೇಲೆ. ಅದರಲ್ಲಿ ಒಬ್ಬರ ನಾಟಕದ ಕಂದ, ಇನ್ನೊಬ್ಬರದರ ಹಾಡು, ತಮ್ಮದೇ ಕೈ ಸೇರಿಸಿದ ಮಾತು, ಅಂಚಿನಲ್ಲಿ ರಾಗದ ಹೆಸರು: ಮೋಹನ, ಮುಖಾರಿ, ಕಾಪಿ, ಸಿಟ್ಟಿಗೆ ಅಠಾಣ. ಹೀಗಾಗಿ ಕುಣಿಗಲ್ಲಿನ 'ಕುರುಕ್ಷೇತ್ರ' ಮದ್ದೂರಿನದಲ್ಲ. ಒಂದು ಕಡೆ ಶಕುನಿಗೆ ಎರಡು ಹಾಡು ಹೆಚ್ಚು, ಇನ್ನೊಂದು ಕಡೆ ಅಭಿಮನ್ಯು ಬೇಗ ಸಾಯುತ್ತಾನೆ. ಪಾವಗಡದ ಕಡೆ ಹೋದರೆ ತೆಲುಗಿನ ಪದ್ಯನಾಟಕದ ಎಳೆತ ಕಿವಿಗೆ ಹತ್ತುತ್ತದೆ.

ಹೆಣ್ಣು ಪಾತ್ರಕ್ಕೆ ಊರಿನವರಿಲ್ಲ. ದ್ರೌಪದಿ, ಕುಂತಿ, ಉತ್ತರೆ, ರುಕ್ಮಿಣಿ ಪಟ್ಟಣದಿಂದ ಬರುತ್ತಾರೆ. ಇವತ್ತು ಇಲ್ಲಿ, ನಾಳೆ ಇನ್ನೊಂದು ತಾಲ್ಲೂಕು. ಟ್ರಯಲ್ಲು ಇಲ್ಲದೆ ನೇರ ರಂಗಕ್ಕೆ ಇಳಿಯುತ್ತಾರೆ, ಮಾತು ಮರೆತ ಅರ್ಜುನನಿಗೆ ಮೆಲ್ಲಗೆ ಸಾಲು ದಾಟಿಸುತ್ತಾರೆ. ಈ ರಂಗಭೂಮಿಯಲ್ಲಿ ನಿಜವಾಗಿ ವೃತ್ತಿಯವರೆಂದರೆ ಅವರೇ. ಕರಪತ್ರದಲ್ಲಿ ಅವರ ಹೆಸರು ಇರುವುದು ಕಟ್ಟಕಡೆಗೆ. ಅದು ತಪ್ಪು ಎಂದು ನಾನು ಕಂಡ ಕಂಡ ಸಮಿತಿಯವರಿಗೆಲ್ಲ ಹೇಳಿದ್ದೇನೆ. ಹೆಣ್ಣುಮಕ್ಕಳಿಗೆ ಹೆಣ್ಣು ಪಾತ್ರ ಮಾತ್ರ ಎಂದುಕೊಂಡವರು ಮೈಸೂರಿನ ಆರ್. ನಾಗರತ್ನಮ್ಮನವರನ್ನು ನೆನೆಯಬೇಕು. 1958ರಲ್ಲಿ ಹೆಂಗಸರೇ ತುಂಬಿದ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸ, ಭೀಮ, ದುರ್ಯೋಧನರನ್ನು ತಾವೇ ಮಾಡಿದರು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಹೋದರು.

ಇನ್ನೊಂದು ಸಂಗತಿ ನನ್ನ ಪೆಟ್ಟಿಗೆಯ ಕಾಗದಗಳಲ್ಲೇ ಇದೆ. ಅಪ್ಪನ ಕಾಲದ ಕರಪತ್ರದಲ್ಲಿ ಪಾತ್ರವರ್ಗದ ಅಷ್ಟೂ ಹೆಸರು ಊರಿನ ಒಂದೇ ಬೀದಿಯವು. ಹೆಸರಿನ ಬಾಲ ನೋಡಿದರೆ ತಿಳಿಯುತ್ತದೆ. ಆಚೆ ಕೇರಿಯವರು ಚಪ್ಪರಕ್ಕೆ ಗಳು ಹೊತ್ತು, ದೂರ ನಿಂತು ನೋಡಿದರು. ಆಮೇಲೆ ಅವರೇ ತಮ್ಮ ಕೇರಿಯಲ್ಲಿ ತಮ್ಮ ಮೇಷ್ಟ್ರನ್ನು ಕರೆಸಿ, ತಮ್ಮದೇ 'ಕುರುಕ್ಷೇತ್ರ' ಕಟ್ಟಿದರು. ನಾನು ಕೇಳಿದ ಅತಿ ಒಳ್ಳೆಯ ಕರ್ಣ ಅಲ್ಲಿಯವನು. ಕುಲ ಕೇಳಿದ ಸಭೆಯ ಎದುರು ಅವನು ಮುಖಾರಿ ಎತ್ತಿದಾಗ ಮೈಕಿನವನೂ ತಂತಿ ಮುಟ್ಟದೆ ಕೂತಿದ್ದ. ಈಚಿನ ಕರಪತ್ರಗಳಲ್ಲಿ ಎರಡೂ ಕಡೆಯ ಹೆಸರು ಒಟ್ಟಿಗೆ ಕಾಣುವುದುಂಟು. ಎಲ್ಲ ಊರಲ್ಲೂ ಅಲ್ಲ.

ಮೊನ್ನೆಯ ರಾತ್ರಿಗೆ ಮರಳುತ್ತೇನೆ. ಹನ್ನೊಂದಕ್ಕೆ ಪ್ರಾರ್ಥನೆ. ಪಾತ್ರಧಾರಿಗಳೆಲ್ಲ ಕಿರೀಟ ಸಮೇತ ಸಾಲಾಗಿ ನಿಂತು ಹಾಡಿದರು. ಇನ್ನು ಏಳು ಗಂಟೆ ಕಾಲ ಒಬ್ಬರನ್ನೊಬ್ಬರು ಕೊಲ್ಲಬೇಕಾದವರು ಒಂದೇ ಶ್ರುತಿಯಲ್ಲಿದ್ದರು. ದರ್ಬಾರು ಪರದೆ ಮೇಲೆ ಹೋಯಿತು. ಸೀನರಿಯವರು ದೀಪದ ಬಳ್ಳಿ ಸುತ್ತಿದ ಸಿಂಹಾಸನ ತಂದಿದ್ದರು, ಕಣ್ಣು ಕುಕ್ಕುವಂಥದ್ದು. ದುರ್ಯೋಧನ ಸೊಸೈಟಿಯಲ್ಲಿ ಗುಮಾಸ್ತ, ಕೊಬ್ಬರಿ ವ್ಯಾಪಾರವೂ ಇದೆ. ಮೊದಲ ಕಂದದ ಮೂರನೇ ಸಾಲಿನ ಕೊನೆಗೆ ಸ್ವರ ಎಳೆದು, ಎಳೆದು, ಮೇಲಿನ ಷಡ್ಜಕ್ಕೆ ತಂದು ನಿಲ್ಲಿಸಿದ. ಮೇಷ್ಟ್ರು ಹಾರ್ಮೋನಿಯಂ ತಗ್ಗಿಸಿ ಅವನನ್ನು ಒಂಟಿಯಾಗಿ ಬಿಟ್ಟರು. ಹಿಂದಿನಿಂದ ಸೀಟಿ. 'ಒನ್ಸ್ ಮೋರ್!' ಕೂಗಿದವರಲ್ಲಿ ನಾನೂ ಒಬ್ಬ. ಎಪ್ಪತ್ತು ದಾಟಿದವನು ಕೂಗಬಾರದು ಎಂದು ಎಲ್ಲೂ ಬರೆದಿಲ್ಲ. ಭಾವಮೈದುನನೊಬ್ಬ ರಂಗಕ್ಕೆ ಹತ್ತಿ ನೋಟಿನ ಹಾರ ಹಾಕಿದ. ಕೌರವೇಶ್ವರ ಹಾರವನ್ನು ಕಣ್ಣಿಗೊತ್ತಿಕೊಂಡು, ಅದೇ ಕಂದವನ್ನು ಮತ್ತೆ ಮೊದಲಿನಿಂದ ಹಾಡಿದ. ನಾಟಕ ನಿಂತಿತು ಎಂದು ಯಾರೂ ಅಂದುಕೊಳ್ಳಲಿಲ್ಲ.

ಮೂರು ಗಂಟೆಗೆ ಚಳಿ. ಮಕ್ಕಳು ಚಾಪೆಯ ಮೇಲೆ ಮುದುರಿ ಮಲಗಿದ್ದವು. ಈ ಹೊತ್ತನ್ನು ದಾಟಿಸುವುದೇ ನಾಟಕದ ಪರೀಕ್ಷೆ. ಹಳೇ ಮೇಷ್ಟ್ರುಗಳು ಕರ್ಣ-ಕುಂತಿಯ ದೃಶ್ಯ ಇಲ್ಲಿಗೆ ಬರುವಂತೆ ಹೊಂದಿಸುತ್ತಿದ್ದರು; ನಿದ್ದೆಗಣ್ಣಿನ ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದು ಕೂರುತ್ತಿದ್ದರು. ಮೊನ್ನೆ ಆ ಜಾಗಕ್ಕೆ ಒಂದು ಸಿನಿಮಾ ಧಾಟಿಯ ಹಾಡು ತುರುಕಿದ್ದರು, ಕಾಲು ಹಾರ್ಮೋನಿಯಂ ಪಕ್ಕದಲ್ಲಿ ಒಂದು ಕೀಬೋರ್ಡು ಬೇರೆ ಪೀಪಿ ಊದುತ್ತಿತ್ತು. ನನಗೆ ಹಿಡಿಸಲಿಲ್ಲ. ಪಕ್ಕದಲ್ಲಿದ್ದ ಹುಡುಗ ಚಪ್ಪಾಳೆ ತಟ್ಟಿದ. ಅವನು 2019ರ 'ಕುರುಕ್ಷೇತ್ರ' ಸಿನಿಮಾ ನೋಡಿ ಈ ಹುಚ್ಚಿಗೆ ಬಿದ್ದವನಂತೆ. ಮುಂದಿನ ವರ್ಷ ಅಭಿಮನ್ಯುವಿಗೆ ದುಡ್ಡು ಕಟ್ಟುತ್ತೇನೆ ಎಂದ. ಅದನ್ನು ಕೇಳಿದ ಮೇಲೆ ಕೀಬೋರ್ಡಿನ ಬಗ್ಗೆ ತುಟಿ ಬಿಚ್ಚಲಿಲ್ಲ.

ಗದಾಯುದ್ಧ ಬರುವ ಹೊತ್ತಿಗೆ ಮೂಡಲಲ್ಲಿ ಬೆಳಕು ಹರಿದಿತ್ತು. ದುರ್ಯೋಧನನ ಗಂಟಲು ಕಟ್ಟಿತ್ತು, ಕಂದ ಹಾಡಲಾಗದೆ ಮಾತಿನಲ್ಲಿ ಹೇಳಿದ. ಬಿದ್ದ. ಮಂಗಳ ಆಯಿತು. ಏಳು ಗಂಟೆಗೆ ನಾನು ಬಸ್ಸಿಗೆ ಕಾಯುತ್ತ ಡೈರಿಯ ಮುಂದೆ ನಿಂತಿದ್ದಾಗ ಅವನು ಹಾಲಿನ ಕ್ಯಾನು ಹಿಡಿದು ಬಂದ. ಕಿವಿಯ ಹಿಂದೆ ಬಣ್ಣ ಇನ್ನೂ ಹೋಗಿರಲಿಲ್ಲ. ಸಾಲಿನಲ್ಲಿ ಅವನ ಮುಂದೆ ನಿಂತಿದ್ದವನು ವಿದುರ. ಇಬ್ಬರೂ ಫ್ಯಾಟು ಎಷ್ಟು ಬಂತು ಎಂದು ಮಾತಾಡಿಕೊಂಡರು.

ಓದುವವರಲ್ಲಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ, ನಿಮ್ಮ ಹೆಂಡತಿಯ ಊರಿನಲ್ಲಿ, ತೀರಿಕೊಂಡ ಡ್ರಾಮಾ ಮೇಷ್ಟ್ರ ಮನೆಯೊಂದು ಇದ್ದೇ ಇರುತ್ತದೆ. ಅಟ್ಟದ ಮೇಲೆ ಅವರ ನೋಟುಪುಸ್ತಕ ಇರುತ್ತದೆ, ರಟ್ಟು ಕಿತ್ತು, ಎಣ್ಣೆ ಹಿಡಿದು. ಮನೆಯವರು ಅದನ್ನು ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕುವ ಮುಂಚೆ ಹೋಗಿ ಕೇಳಿ, ಪುಟಪುಟವೂ ಫೋಟೋ ತೆಗೆದಿಟ್ಟುಕೊಳ್ಳಿ. ಅಂಚಿನಲ್ಲಿ ಬರೆದ ರಾಗದ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ.